ಹಳೆಯ ಇಂಗ್ಲಿಷ್ ಪತ್ರ ಓದಿ ಕಲಿತ ಹತ್ತು ಪಾಠ

ಎರಡು ವರ್ಷದ ಹಿಂದಿನ ಆಷಾಢ. ಚಿಂತಾಮಣಿಯಲ್ಲಿ ನನ್ನ ಮೇಜಿನ ಮುಂದೆ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಮನೆಯವರು ಕೂತಿದ್ದರು. ಅಣ್ಣ, ತಮ್ಮ, ಅವರ ತಾಯಿ, ಕಾಲೇಜು ಓದುವ ಅಣ್ಣನ ಮಗಳು. ಅಣ್ಣ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು, ಒಳಗಿದ್ದ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಕವರಿನ ಮೂಲೆಯಲ್ಲಿ ಕುಂಕುಮ ಹತ್ತಿತ್ತು. ಅದು ದೇವರ ಮನೆಯಲ್ಲಿಟ್ಟು ಕಾಪಾಡಿದ ಕಾಗದ. 1946ರಲ್ಲಿ ಬರೆದ ಇಂಗ್ಲಿಷ್ ಪತ್ರ.

‘ಸಾರ್, ಇದು ಬೆಂಗಳೂರಿನ ಸಾಹುಕಾರ್ರು ನಮ್ಮ ತಾತನಿಗೆ ಬರೆದ ವಿಲ್ಲು. ಅವರು ಹೋದ ಮೇಲೆ ಜಮೀನು ತಾತನಿಗೆ ಅಂತ ಬರೆದವ್ರೆ’ ಎಂದ. ಮಗಳು ಫೋನ್ ತೋರಿಸಿದಳು: ‘ಡಿಮೈಸ್ ಅಂದ್ರೆ ಮರಣ ಅಂತ ಬರುತ್ತೆ ಸಾರ್.’

ಅವಳು ಹುಡುಕಿದ ಅರ್ಥ ತಪ್ಪಲ್ಲ. ಈ ಪತ್ರಕ್ಕೆ ಅದು ಹೊಂದುವುದಿಲ್ಲ, ಅಷ್ಟೇ. ಪತ್ರ ಬರೆಯುವವರ ಇಂಗ್ಲಿಷಿನಲ್ಲಿ ಡಿಮೈಸ್ ಎಂದರೆ ಜಮೀನನ್ನು ಗುತ್ತಿಗೆಗೆ ಬಿಟ್ಟುಕೊಡುವುದು. ಅವರ ಕೈಯಲ್ಲಿದ್ದದ್ದು ವಿಲ್ ಅಲ್ಲ, 15 ವರ್ಷದ ಗುತ್ತಿಗೆ ಪತ್ರ. ಆ ಒಂದು ಪದದ ಮೇಲೆ ಅವರು ದಾವೆ ಹೂಡಲು ವಕೀಲರ ಫೀಜಿಗೆ ಹಣ ಹೊಂದಿಸಿಕೊಂಡು ಬಂದಿದ್ದರು.

ನಾನು ಪತ್ರ ಬರಹಗಾರ. 31 ವರ್ಷದಿಂದ ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆದು ಬದುಕಿದವನು. ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಬಹುಪಾಲು ಕನ್ನಡದವೇ. ಆದರೆ ಒಂದು ಕಡೆಯವರು ಬೆಂಗಳೂರಿನವರಾಗಿದ್ದರೆ, ಬ್ಯಾಂಕೋ ಕಂಪನಿಯೋ ಆಗಿದ್ದರೆ, ಅಥವಾ ಕಾಗದ ಕೋರ್ಟಿನಿಂದ ಬಂದಿದ್ದರೆ ಅದು ಇಂಗ್ಲಿಷಿನಲ್ಲಿರುತ್ತದೆ. ಆ ಇಂಗ್ಲಿಷ್ ಇಂಗ್ಲೆಂಡಿನವರೇ ಮಾತಿನಲ್ಲಿ ಎಂದೋ ಬಿಟ್ಟದ್ದು. ಅದನ್ನು ಓದಿ ಹೇಳುವ ಕೆಲಸ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರಿಂದ ನನಗೆ ಸಿಗುತ್ತ ಬಂದಿದೆ. ಈ ಕೆಲಸಕ್ಕೆ ಬರುವ ಹುಡುಗರಿಗೂ, ಹಳೆಯ ಪತ್ರ ಮನೆಯಲ್ಲಿಟ್ಟುಕೊಂಡವರಿಗೂ ಉಪಯೋಗವಾಗಲಿ ಎಂದು ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ. ಆ ಮನೆಯವರ ಮುಂದಿನ ಕತೆಯನ್ನು ಕೊನೆಯ ಪಾಠದಲ್ಲಿ ಹೇಳುತ್ತೇನೆ.

1. ಗೊತ್ತಿರುವ ಪದವನ್ನೇ ಮೊದಲು ಅನುಮಾನಿಸಿ

ಕಷ್ಟದ ಪದ ದಾರಿ ತಪ್ಪಿಸುವುದು ಕಡಿಮೆ. ಅದು ಗೊತ್ತಿಲ್ಲವೆಂದು ನಮಗೇ ಗೊತ್ತಿರುತ್ತದೆ, ನಿಘಂಟು ತೆಗೆಯುತ್ತೇವೆ. ದಾರಿ ತಪ್ಪಿಸುವುದು ಗೊತ್ತಿದೆ ಎಂದುಕೊಂಡ ಪದ.

ಡಿಮೈಸ್ ಅಂಥದ್ದು. ಮೂಲದಲ್ಲಿ ಅದಕ್ಕೆ ಬಿಟ್ಟುಕೊಡು, ವರ್ಗಾಯಿಸು ಎಂಬ ಅರ್ಥ. ದೊರೆ ತೀರಿಕೊಂಡಾಗ ರಾಜ್ಯ ಮುಂದಿನವನಿಗೆ ವರ್ಗವಾಗುತ್ತದಲ್ಲ, ಆ ಸಂದರ್ಭದಿಂದ ಅದಕ್ಕೆ ಸಾವಿನ ಅರ್ಥ ಅಂಟಿಕೊಂಡಿತು. ಕಾಲ ಕಳೆದಂತೆ ಅಂಟಿಕೊಂಡ ಅರ್ಥ ಉಳಿಯಿತು, ಮೂಲದ ಅರ್ಥ ಪತ್ರಗಳೊಳಗೆ ಮಾತ್ರ ಕೂತಿತು. ಡಿಟರ್ಮಿನ್ ಎಂದರೆ ನಿರ್ಧರಿಸು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಗುತ್ತಿಗೆ ಪತ್ರದಲ್ಲಿ ಅದು ಮುಗಿ, ಕೊನೆಗೊಳ್ಳು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಕಲಮು ಗುತ್ತಿಗೆ ಯಾವಾಗ ಮುಗಿಯುತ್ತದೆ ಎಂದು ಹೇಳುವುದು ಇದೇ ಪದದಿಂದ. ಇಶ್ಯೂ ಎಂದರೆ ವಿಲ್ಲಿನಲ್ಲಿ ಸಂತಾನ, ಕೋರ್ಟಿನ ತೀರ್ಪಿನಲ್ಲಿ ವಿವಾದಾಂಶ. ಸೇವ್ ಎಂದರೆ ಉಳಿಸು ಅಲ್ಲ, ಹೊರತುಪಡಿಸಿ. ‘ಬಾವಿಯೊಂದನ್ನು ಸೇವ್’ ಎಂದು ಬರೆದಿದ್ದರೆ ಬಾವಿಯನ್ನು ಮಾರಿಲ್ಲ ಎಂದರ್ಥ. ಲೆಟ್ ಎಂದರೆ ಒಂದು ಕಡೆ ಬಾಡಿಗೆಗೆ ಕೊಡು, ಇನ್ನೊಂದು ಕಡೆ ಅಡ್ಡಿ. ಎರಡೂ ಒಂದೇ ಪತ್ರದಲ್ಲಿ ಬರಬಹುದು. ಪ್ರೆಸೆಂಟ್ಸ್ ಎಂದರೆ ಉಡುಗೊರೆಗಳಲ್ಲ, ‘ಈ ಪತ್ರ’. ಎಕ್ಸಿಕ್ಯೂಟ್ ಎಂದರೆ ಸಹಿ ಹಾಕಿ ಬರೆದುಕೊಡು.

ನನ್ನ ಬಳಿ ಒಂದು ನೋಟ್‌ಬುಕ್ಕಿದೆ. ಅದರ ಮೊದಲ ನಾಲ್ಕು ಪುಟದಲ್ಲಿ ಇಂಥ ಪದಗಳೇ ಇವೆ. ಶಿಷ್ಯರಿಗೆ ಮೊದಲು ಕೊಡುವುದು ಆ ಪುಟಗಳನ್ನು.

2. ಎರಡು ಪುಟದ ವಾಕ್ಯಕ್ಕೆ ಹೆದರಬೇಡಿ, ಅದರ ಕೀಲು ಹುಡುಕಿ

ಹಳೆಯ ಪತ್ರದಲ್ಲಿ ಒಂದೇ ವಾಕ್ಯ ಎರಡು ಪುಟ ಓಡುತ್ತದೆ. ಅಲ್ಪವಿರಾಮ ಕೂಡ ಸಿಗುವುದಿಲ್ಲ. ಚುಕ್ಕೆ ಗೀಟು ಸೇರಿಸಿ ಯಾರೂ ಅರ್ಥ ತಿರುಚಬಾರದು ಎಂದು ಆಗಿನವರು ಅದನ್ನು ಬಿಟ್ಟೇ ಬರೆಯುತ್ತಿದ್ದರು. ಆದರೆ ಆ ವಾಕ್ಯಕ್ಕೆ ಕಟ್ಟಡವಿದೆ.

‘ವೇರ್‌ಆ್ಯಸ್’ ಎಂದು ಶುರುವಾಗುವುದೆಲ್ಲ ಹಿಂದಿನ ಕತೆ: ಜಮೀನು ಯಾರಿಂದ ಯಾರಿಗೆ ಬಂತು ಎಂಬುದು. ಅದು ಮುಗಿದ ಮೇಲೆ ದಪ್ಪ ಅಕ್ಷರದಲ್ಲಿ ‘ವಿಟ್ನೆಸೆತ್’ ಎಂದು ಬರುತ್ತದೆ. ಕೊನೆಯ ‘ಎತ್’ ನೋಡಿ ಗಾಬರಿ ಬೇಡ. ಅದು ಹಳೆಯ ಇಂಗ್ಲಿಷಿನ ಕ್ರಿಯಾಪದದ ಪ್ರತ್ಯಯ. 1611ರ ಕಿಂಗ್ ಜೇಮ್ಸ್ ಬೈಬಲಿನ ತುಂಬ ಇದೇ ಇದೆ. ‘ಈ ಪತ್ರ ಸಾಕ್ಷಿ ಹೇಳುತ್ತದೆ’ ಎಂಬುದು ಅಕ್ಷರಶಃ ಅರ್ಥ. ನಮ್ಮ ಮಾತಿನಲ್ಲಿ ಅದಕ್ಕೆ ತಕ್ಕ ಜೋಡಿ ಆಗಲೇ ಇದೆ: ‘ಬರೆದುಕೊಟ್ಟ ಕ್ರಮವೇನೆಂದರೆ.’ ಅಲ್ಲಿಂದ ಮುಂದೆ ಬರುವ ಕ್ರಿಯಾಪದವೇ ಪತ್ರದ ಕೀಲು. ಮಾರಿದ್ದೋ, ಒತ್ತೆ ಇಟ್ಟಿದ್ದೋ, ಗುತ್ತಿಗೆಗೆ ಬಿಟ್ಟಿದ್ದೋ ಅಲ್ಲೇ ತಿಳಿಯುತ್ತದೆ. ಆಮೇಲೆ ‘ಟು ಹ್ಯಾವ್ ಆ್ಯಂಡ್ ಟು ಹೋಲ್ಡ್’ ಎಂದು ಬಂದರೆ, ಹಕ್ಕು ಎಷ್ಟು ಕಾಲಕ್ಕೆ, ಯಾವ ಷರತ್ತಿನ ಮೇಲೆ ಎಂಬುದು ಆ ಮಾತಿನ ಬೆನ್ನಿಗೇ ಇರುತ್ತದೆ. ಕೊನೆಗೆ ಷೆಡ್ಯೂಲ್: ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ.

ನಾನು ಜೆರಾಕ್ಸ್ ಪ್ರತಿಯ ಮೇಲೆ ಕೀಲಿನ ಕ್ರಿಯಾಪದಕ್ಕೆ ಕೆಂಪು, ಕಾಲಕ್ಕೆ ಹಸಿರು, ಚಕ್ಕುಬಂದಿಗೆ ನೀಲಿ ಗೆರೆ ಎಳೆಯುತ್ತೇನೆ. ಮೂರು ಗೆರೆ ಬಿದ್ದ ಮೇಲೆ ಪತ್ರದ ಮುಖ್ಯ ವಿಷಯ ನಾಲ್ಕು ಸಾಲಿಗೆ ಇಳಿಯುತ್ತದೆ. ಆ ನಾಲ್ಕು ಸಾಲನ್ನು ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಬಿಡಿಸುತ್ತೇನೆ. ಮೂಲಪ್ರತಿಯ ಮೇಲೆ ಮಾತ್ರ ಎಂದೂ ಗೆರೆ ಎಳೆಯಬಾರದು.

3. ಜೋಡಿಪದಗಳಲ್ಲಿ ಎರಡು ಅರ್ಥ ಹುಡುಕಬೇಡಿ

‘ಗೂಡ್ಸ್ ಆ್ಯಂಡ್ ಚ್ಯಾಟಲ್ಸ್’, ‘ವಿಲ್ ಆ್ಯಂಡ್ ಟೆಸ್ಟಮೆಂಟ್’. ಶುರುವಿನಲ್ಲಿ ನಾನು ಇವುಗಳ ಒಂದೊಂದು ಪದಕ್ಕೂ ಬೇರೆ ಬೇರೆ ಅರ್ಥ ಹುಡುಕಿ ದಿನ ಕಳೆದಿದ್ದೇನೆ. ಆಮೇಲೆ ಕಾರಣ ತಿಳಿಯಿತು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅಲ್ಲಿನ ದೊರೆಗಳ, ನ್ಯಾಯಾಲಯಗಳ ಭಾಷೆಯಾಯಿತು. ಬರಹ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು, ಜನ ಇಂಗ್ಲಿಷ್ ಆಡುತ್ತಿದ್ದರು. ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದು ಕಾಯ್ದೆ ಬಂದದ್ದು 1362ರಲ್ಲಿ. ದಾಖಲೆಗಳೂ ಇಂಗ್ಲಿಷಿಗೆ ಬರಲು 1733ರವರೆಗೆ ಕಾಯಬೇಕಾಯಿತು. ಆ ನಡುವಿನ ಕಾಲದಲ್ಲಿ ಬರಹಗಾರರು ಎರಡೂ ಭಾಷೆಯವರಿಗೆ ತಿಳಿಯಲಿ ಎಂದು ಒಂದೇ ಅರ್ಥದ ಎರಡು ಪದವನ್ನು ಪಕ್ಕಪಕ್ಕ ಇಟ್ಟು ಬರೆಯುವುದು ರೂಢಿಯಾಯಿತು.

ಇದನ್ನು ಓದಿದ ದಿನ ನಮ್ಮ ಪತ್ರಗಳನ್ನೇ ಹೊಸ ಕಣ್ಣಿನಲ್ಲಿ ನೋಡಿದೆ. ‘ಕಾಗದಪತ್ರ’ದಲ್ಲಿ ಕಾಗದ ಪಾರಸಿಯ ಕಡೆಯದು, ಪತ್ರ ಸಂಸ್ಕೃತದ್ದು. ‘ಹಕ್ಕು ಬಾಧ್ಯತೆ’ಯಲ್ಲಿ ಹಕ್ಕು ಅರಬ್ಬಿಯಿಂದ ಬಂದದ್ದು, ಬಾಧ್ಯತೆ ಸಂಸ್ಕೃತದ್ದು. ಹಲವು ಆಳ್ವಿಕೆ ಕಂಡ ನಾಡಿನ ಬರಹಗಾರ ಎಲ್ಲರಿಗೂ ತಿಳಿಯಲಿ ಎಂದು ಹೀಗೇ ಬರೆಯುತ್ತಾನೆ, ಅಲ್ಲಿಯೂ ಇಲ್ಲಿಯೂ.

4. ನಮ್ಮ ಹಳೆಯ ಪತ್ರದಲ್ಲಿ ಸಾಟಿ ಮಾತು ಹುಡುಕಿ

‘ಮೆಸ್ವಿಜ್, ಹೆರೆಡಿಟಮೆಂಟ್ಸ್ ಆ್ಯಂಡ್ ಅಪರ್ಟೆನೆನ್ಸಸ್’ ಎಂಬ ಸಾಲು ಓದಿ ವಿದ್ಯಾವಂತರೂ ಕಾಗದ ಕೆಳಗಿಡುತ್ತಾರೆ. ಮೆಸ್ವಿಜ್ ಎಂದರೆ ಮನೆ, ಅದರ ಹಿತ್ತಲು, ಕೊಟ್ಟಿಗೆ, ಸುತ್ತಲಿನ ಜಾಗ ಎಲ್ಲ ಸೇರಿದ್ದು. ಹೆರೆಡಿಟಮೆಂಟ್ಸ್ ಎಂದರೆ ವಾರಸಿನಿಂದ ಇಳಿದು ಬರಬಹುದಾದ ಆಸ್ತಿ, ಹಕ್ಕು. ಅಪರ್ಟೆನೆನ್ಸಸ್ ಎಂದರೆ ಆಸ್ತಿಗೆ ಅಂಟಿಕೊಂಡು ಬರುವ ದಾರಿ, ನೀರು, ಮರ.

ಹೀಗೆ ಬಿಡಿಸಿ ಹೇಳಿದರೂ ಜನರ ಮುಖದಲ್ಲಿ ಬೆಳಕು ಕಾಣುತ್ತಿರಲಿಲ್ಲ. ಒಂದು ದಿನ ಕೈವಾರದ ಕಡೆಯ ಹಿರಿಯರೊಬ್ಬರು ನಾನು ಹೇಳಿದ್ದನ್ನೆಲ್ಲ ಕೇಳಿ, ‘ಅಂದ್ರೆ ನಿಧಿ ನಿಕ್ಷೇಪ ಜಲ ಪಾಷಾಣ ಅಂತ ಬರೀತೀವಲ್ಲ ಸ್ವಾಮಿ, ಅದೇ ತಾನೇ?’ ಎಂದರು. ಅದೇ! ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ. ವಿಜಯನಗರದ ಕಾಲದ ದಾನಶಾಸನಗಳಲ್ಲಿ ಕೆತ್ತಿದ ಮಾತು ಇಂದಿಗೂ ನಮ್ಮ ಕ್ರಯಪತ್ರಗಳಲ್ಲಿ ಉಳಿದಿದೆ. ನೆಲದೊಳಗಿನದು, ಮೇಲಿನದು, ಈಗಿರುವುದು, ಮುಂದೆ ಬರುವುದು ಎಲ್ಲವೂ ಸೇರಿತು ಎಂಬುದೇ ಎರಡರ ಆಶಯ.

ಅಂದಿನಿಂದ ಸಾಟಿ ಮಾತಿನ ಪಟ್ಟಿ ಬೆಳೆಸುತ್ತ ಬಂದೆ. ‘ಹೇರ್ಸ್, ಎಕ್ಸಿಕ್ಯೂಟರ್ಸ್, ಅಡ್ಮಿನಿಸ್ಟ್ರೇಟರ್ಸ್ ಆ್ಯಂಡ್ ಅಸೈನ್ಸ್’ ಎಂಬುದಕ್ಕೆ ಹತ್ತಿರದ್ದು ನಮ್ಮ ‘ಪುತ್ರ ಪೌತ್ರ ಪಾರಂಪರ್ಯವಾಗಿ’. ‘ಕ್ವೈಟ್ ಎಂಜಾಯ್‌ಮೆಂಟ್’ ಎಂದರೆ ‘ಯಾರ ತಂಟೆ ತಕರಾರೂ ಇಲ್ಲದೆ ಸುಖವಾಗಿ ಅನುಭವಿಸಿಕೊಂಡು ಬರತಕ್ಕದ್ದು’. ‘ಸೆಡ್’ ಎಂದರೆ ‘ಸದರಿ’. ಗೌರಿಬಿದನೂರಿನ ಮನೆಯೊಂದರ ವಿಭಾಗದ ಡಿಕ್ರಿಯಲ್ಲಿ ‘ಬೈ ಮೀಟ್ಸ್ ಆ್ಯಂಡ್ ಬೌಂಡ್ಸ್’ ಎಂದಿತ್ತು. ಮೀಟ್ ಎಂದರೆ ಅಳತೆಗೆ, ಎಲ್ಲೆಗೆ ಇದ್ದ ಹಳೆಯ ಪದ. ‘ಅಳೆದು, ಸರಸ ನಿರಸ ನೋಡಿ, ಚಕ್ಕುಬಂದಿ ಹಾಕಿ ಹಂಚಿಕೊಡಿ ಅಂತ ಹೇಳವ್ರೆ’ ಎಂದೆ. ನಾಲ್ಕು ಅಣ್ಣತಮ್ಮಂದಿರೂ ಒಟ್ಟಿಗೆ ತಲೆಯಾಡಿಸಿದರು. ಅದೇ ಡಿಕ್ರಿಯಲ್ಲಿದ್ದ ‘ಮೀನ್ ಪ್ರಾಫಿಟ್ಸ್’ ಎಂಬುದನ್ನು ‘ಹಕ್ಕಿಲ್ಲದೆ ಜಮೀನು ಇಟ್ಟುಕೊಂಡವನು ಅಷ್ಟು ದಿನ ತಿಂದ ಉತ್ಪತ್ತಿಯ ಬಾಬ್ತು’ ಎಂದರೆ ಯಾರಿಗೂ ಮತ್ತೆ ಕೇಳುವ ಕೆಲಸವಿಲ್ಲ.

5. ಭೋಗ್ಯವೋ ಕ್ರಯವೋ ಎಂದು ಮೂರು ಸಲ ನೋಡಿ

ಅತಿ ಹೆಚ್ಚು ಜಮೀನು ಕಳೆದುಹೋಗುವುದು ಇಲ್ಲಿ. ‘ಯೂಸುಫ್ರಕ್ಚುಅರಿ ಮಾರ್ಟ್‌ಗೇಜ್’ ಎಂಬ ಹೆಸರು ನೋಡಿದರೆ ಏನೋ ದೊಡ್ಡದು ಬರೆದುಕೊಟ್ಟುಬಿಟ್ಟಿದ್ದಾರೆ ಅನಿಸುತ್ತದೆ. ಬಿಡಿಸಿದರೆ ಬಳಕೆ ಮತ್ತು ಫಲ ಎಂಬ ಎರಡು ಲ್ಯಾಟಿನ್ ಪದ. ಸಾಲ ಕೊಟ್ಟವನು ಜಮೀನಿನ ಫಲ ಉಣ್ಣುತ್ತಾನೆ, ಒಡೆತನ ಸಾಲ ಪಡೆದವನದೇ. ನಮ್ಮಲ್ಲಿ ಇದು ಭೋಗ್ಯ. ಪದದ ಬೇರು ಕೂಡ ಒಂದೇ ಅರ್ಥದ್ದು.

ಮಾರ್ಟ್‌ಗೇಜ್ ಎಂಬ ಪದ ಹಳೆಯ ಫ್ರೆಂಚಿನದು, ‘ಸತ್ತ ಒತ್ತೆ’ ಎಂದರ್ಥ. ಸಾಲ ತೀರಿಸದಿದ್ದರೆ ಜಮೀನು ಸಾಲಗಾರನ ಪಾಲಿಗೆ ಸತ್ತಿತು, ತೀರಿಸಿದರೆ ಒತ್ತೆ ಹಿಡಿದವನ ಪಾಲಿಗೆ ಸತ್ತಿತು ಎಂದು ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ಎಡ್ವರ್ಡ್ ಕೋಕ್ ವಿವರಿಸಿದ್ದ. 1882ರ ಕಾಯ್ದೆಯ 58ನೇ ಕಲಮಿನಲ್ಲಿ ಆರು ಬಗೆಯ ಅಡಮಾನವಿದೆ. ಅದರಲ್ಲಿ ‘ಇಂಗ್ಲಿಷ್ ಮಾರ್ಟ್‌ಗೇಜ್’ ಎಂಬುದೂ ಒಂದು. ಅದು ಇಂಗ್ಲಿಷಿನಲ್ಲಿ ಬರೆದ ಅಡಮಾನ ಎಂದು ತಿಳಿದವರನ್ನು ನಾನು ಕಂಡಿದ್ದೇನೆ. ಸಾಲ ತೀರಿಸಿದಾಗ ಹಿಂದಿರುಗಿಸುವ ಷರತ್ತಿನ ಮೇಲೆ ಆಸ್ತಿಯನ್ನು ಪೂರ್ತಿಯಾಗಿ ವರ್ಗಾಯಿಸುವ ಬಗೆ ಅದು. ಭಾಷೆಗೂ ಅದಕ್ಕೂ ಸಂಬಂಧವಿಲ್ಲ.

ಚಿಕ್ಕಬಳ್ಳಾಪುರದ ಹತ್ತಿರದ ಒಂದು ಮನೆಯವರು ಅಜ್ಜ ಮಾಡಿದ್ದ ಭೋಗ್ಯವನ್ನು ಮಾರಾಟವೆಂದು ನಂಬಿ ತಮ್ಮ ಜಮೀನಿನ ಕಡೆ ತಲೆ ಹಾಕದೆ ಇದ್ದರು. ಭೋಗ್ಯ ಬರೆದ ದಿನದಿಂದಲೇ ಬಿಡಿಸಿಕೊಳ್ಳುವ ಹಕ್ಕಿನ ಕಾಲಮಿತಿ ಓಡಲು ಶುರುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಅದನ್ನು ತಿಳಿಸಿ ವಕೀಲರ ಬಳಿ ಕಳಿಸಿದೆ. ಪದ ಓದುವುದು ನಮ್ಮ ಕೆಲಸ, ಕಾನೂನಿನ ದಾರಿ ಹೇಳುವುದು ವಕೀಲರದು. ಆ ಗೆರೆಯನ್ನು ದಾಟಬಾರದು.

6. ಅಳತೆಯ ಪದಕ್ಕೆ ಸರಪಳಿ ಯಾವುದೆಂದು ಕೇಳಿ

ಫರ್ಲಾಂಗ್ ಎಂಬುದನ್ನು ನಮ್ಮ ಹಿರಿಯರು ಈಗಲೂ ಆಡುತ್ತಾರೆ. ಅದು ಉಳುಮೆಯ ಸಾಲಿನಿಂದ ಬಂದ ಪದ: ನೇಗಿಲ ಸಾಲಿನ ಉದ್ದ, 220 ಗಜ. ಎಕರೆ ಕೂಡ ಮೊದಲು ಒಂದು ಜೋಡಿ ಎತ್ತು ಒಂದು ದಿನದಲ್ಲಿ ಉಳುವ ನೆಲವಾಗಿತ್ತು. ನಮ್ಮ ಪೂರ್ವಿಕರು ಬಿತ್ತುವ ಬೀಜದಿಂದ ನೆಲ ಅಳೆದರು. ಒಂದು ಖಂಡುಗದ ಹೊಲ, ಐದು ಕೊಳಗದ ಗದ್ದೆ. 20 ಕೊಳಗಕ್ಕೆ ಒಂದು ಖಂಡುಗ. ಖುಷ್ಕಿಯ ಖಂಡುಗಕ್ಕೂ ತರಿಯ ಖಂಡುಗಕ್ಕೂ ವಿಸ್ತೀರ್ಣ ಒಂದೇ ಅಲ್ಲ.

ಇಂಗ್ಲಿಷ್ ಪತ್ರದಲ್ಲಿ ‘ಚೈನ್’ ಎಂದು ಬಂದರೆ ನಿಲ್ಲಿ. ಎಡ್ಮಂಡ್ ಗಂಟರ್ ರೂಢಿಗೆ ತಂದ ಸರಪಳಿ 66 ಅಡಿಯದು, ಅದಕ್ಕೆ 100 ಕೊಂಡಿ. ನಮ್ಮ ಮೋಜಣಿಯಲ್ಲಿ ಬಳಸಿದ್ದು 33 ಅಡಿಯ ಸರಪಳಿ, ಅದಕ್ಕೆ 16 ಆಣೆ. 33 ಅಡಿ ಉದ್ದ, 33 ಅಡಿ ಅಗಲವೆಂದರೆ 1,089 ಚದರಡಿ. ಅದೇ ಒಂದು ಗುಂಟೆ. 40 ಗುಂಟೆಗೆ 43,560 ಚದರಡಿ, ಒಂದು ಎಕರೆ. ಒಂದು ಸರಪಳಿಯನ್ನು ಇನ್ನೊಂದೆಂದು ತಿಳಿದರೆ ಉದ್ದ ಎರಡು ಪಟ್ಟು ತಪ್ಪುತ್ತದೆ, ವಿಸ್ತೀರ್ಣ ನಾಲ್ಕು ಪಟ್ಟು ತಪ್ಪುತ್ತದೆ. ಆಣೆಯೆಂದರೆ ದುಡ್ಡು ಎಂದುಕೊಂಡು, ಜಮೀನಿನ ಉದ್ದವನ್ನು ಕಂದಾಯವೆಂದು ಓದಿದ ತರ್ಜುಮೆಯೊಂದನ್ನು ಸರಿಪಡಿಸಿಕೊಟ್ಟಿದ್ದೇನೆ.

7. ಊರಿನ ಹೆಸರನ್ನೂ ತಾರೀಖನ್ನೂ ಆ ಕಾಲದ ಬಾಯಲ್ಲಿ ಓದಿ

ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಗೌರಿಬಿದನೂರು ‘ಗೋರಿಬಿದ್ನೂರ್’, ಚಿಕ್ಕಬಳ್ಳಾಪುರ ‘ಚಿಕ್ ಬಲ್ಲಾಪುರ್’, ನಂದಿದುರ್ಗ ‘ನಂಡಿಡ್ರೂಗ್’. ಡ್ರೂಗ್ ಎಂದರೆ ನಮ್ಮ ದುರ್ಗವೇ. ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಾಗ ಕೋಲಾರ ಜಿಲ್ಲೆ ಸೇರಿದ್ದ ವಿಭಾಗಕ್ಕೆ ಆ ಬೆಟ್ಟದ ಹೆಸರೇ ಇತ್ತು. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೆ ಹಿಂದಿನ ಪತ್ರದಲ್ಲಿ ಈ ನಾಲ್ಕು ತಾಲ್ಲೂಕೂ ಕೋಲಾರ ಜಿಲ್ಲೆಯ ಹೆಸರಿನಲ್ಲೇ ಇರುತ್ತವೆ, ಹುಡುಕುವಾಗ ಅದು ನೆನಪಿರಲಿ.

ಪತ್ರವ್ಯವಹಾರದಲ್ಲಿ ಇನ್ನೊಂದು ತೊಡಕಿದೆ. ‘5 ಅಲ್ಟಿಮೊ’ ಎಂದರೆ ಹೋದ ತಿಂಗಳ 5. ‘ಇನ್‌ಸ್ಟಂಟ್’ ಎಂದರೆ ಈ ತಿಂಗಳು, ‘ಪ್ರಾಕ್ಸಿಮೊ’ ಎಂದರೆ ಬರುವ ತಿಂಗಳು. ನೋಟಿಸಿನ ಅವಧಿ ಎಣಿಸುವಾಗ ಈ ಒಂದು ಪದ 30 ದಿನವನ್ನು ಆಚೀಚೆ ಮಾಡುತ್ತದೆ. ಹಣದ ಕಡೆ ‘250-8-0’ ಎಂದಿದ್ದರೆ 250 ರೂಪಾಯಿ 8 ಆಣೆ. ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಿಂದ.

8. ಕಸುಬಿನವರ ಬಾಯಲ್ಲಿ ಉಳಿದ ಪದವನ್ನು ಗೌರವಿಸಿ

ಶಿಡ್ಲಘಟ್ಟದ ರೇಷ್ಮೆ ಘಟಕಗಳ ಬಾಡಿಗೆ ಕರಾರು ಬರೆಯಲು ಹೋದಾಗ ನನಗೆ ಇದು ತಿಳಿಯಿತು. ನಿಘಂಟಿನಲ್ಲಿ ಮೂಲೆ ಸೇರಿದ ಪದಗಳು ಅಲ್ಲಿ ದಿನವೂ ಓಡಾಡುತ್ತವೆ. ನೂಲಿನ ಸಣ್ಣ ದಪ್ಪ ಹೇಳುವ ಡೆನಿಯರ್ ಒಂದು ಕಾಲದ ಫ್ರೆಂಚ್ ನಾಣ್ಯದ ಹೆಸರು. 9,000 ಮೀಟರ್ ಎಳೆಯ ತೂಕ ಎಷ್ಟು ಗ್ರಾಮೋ ಅಷ್ಟು ಡೆನಿಯರ್. ಮೊಟ್ಟೆ ತಯಾರಿಸುವ ಜಾಗಕ್ಕೆ ಗ್ರೈನೇಜ್ ಎನ್ನುತ್ತಾರೆ. ಫ್ರೆಂಚರು ರೇಷ್ಮೆ ಮೊಟ್ಟೆಯನ್ನು ಬೀಜ ಎನ್ನುತ್ತಿದ್ದರು, ಅದರಿಂದ ಬಂದ ಹೆಸರು. ನಮ್ಮವರೂ ಬಿತ್ತನೆ ಗೂಡು ಎನ್ನುತ್ತಾರಲ್ಲವೆ? ಎರಡು ನಾಡಿನ ಮಾತಿನಲ್ಲೂ ಒಂದೇ ಹೋಲಿಕೆ ಇದೆ. ಪೆಬ್ರಿನ್ ರೋಗಕ್ಕೆ ಹೆಸರು ಬಂದದ್ದು ಹುಳುವಿನ ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಕಾಣುವ ಚುಕ್ಕೆಯಿಂದ. ನಮ್ಮವರು ಅದಕ್ಕೆ ಗಂಟುರೋಗ ಎಂದರು.

ನೂಲಿಗೆ ಹುರಿ ಕೊಡುವುದಕ್ಕೆ ಇಂಗ್ಲಿಷಿನ ರೇಷ್ಮೆ ಕಸುಬಿನಲ್ಲಿ ‘ಥ್ರೋಯಿಂಗ್’ ಎನ್ನುತ್ತಾರೆ. ಯಂತ್ರಗಳ ಪಟ್ಟಿಯೊಂದರಲ್ಲಿ ಅದನ್ನು ‘ಎಸೆಯುವ ಯಂತ್ರ’ ಎಂದು ಕನ್ನಡ ಮಾಡಿದ್ದರು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ತಿರುಚು ಎಂದೇ ಅರ್ಥವಿತ್ತು, ಎಸೆಯುವ ಅರ್ಥ ಆಮೇಲಿನದು. ಮಾತಿನಲ್ಲಿ ಅಳಿದ ಅರ್ಥ ಕಸುಬಿನಲ್ಲಿ ಉಳಿದಿತ್ತು.

ಸ್ಪಿನ್‌ಸ್ಟರ್ ಎಂಬ ಪದದ ಕತೆಯನ್ನೂ ಇಲ್ಲೇ ಹೇಳಬೇಕು. ನೂಲುವ ಹೆಂಗಸಿಗಿದ್ದ ಹೆಸರು ಪತ್ರಗಳಲ್ಲಿ ಮದುವೆಯಾಗದ ಹೆಂಗಸಿನ ಗುರುತಾಯಿತು. ಇಂಗ್ಲೆಂಡಿನ ವಿವಾಹ ನೋಂದಣಿ ಅದನ್ನು 2005ರಲ್ಲಿ ಕೈಬಿಟ್ಟಿತು. ವಿಧವೆಗೆ ‘ರೆಲಿಕ್ಟ್’ ಎಂದು ಬರೆಯುತ್ತಿದ್ದರು, ಉಳಿದುಹೋದವಳು ಎಂದರ್ಥ. ಇಂಥ ಪದ ಬಂದಾಗ ನಾನು ಆ ತಾಯಿಯ ಮುಂದೆ ಅಕ್ಷರಶಃ ಅರ್ಥ ಹೇಳುವುದಿಲ್ಲ. ‘ಇಂಥವರ ಧರ್ಮಪತ್ನಿ’ ಎಂದು ಓದುತ್ತೇನೆ. ತರ್ಜುಮೆಯಲ್ಲಿ ಸತ್ಯ ಎಷ್ಟು ಮುಖ್ಯವೋ ಎದುರಿಗಿರುವವರ ಮಾನವೂ ಅಷ್ಟೇ ಮುಖ್ಯ.

9. ಒಂದೇ ನಿಘಂಟನ್ನು ನಂಬಬೇಡಿ

ಚಿಕ್ಕಬಳ್ಳಾಪುರದ ರೈತರೊಬ್ಬರು ಫೋನಿನಲ್ಲಿ ಮಾಡಿಸಿದ ತರ್ಜುಮೆ ತಂದಿದ್ದರು. ‘ಜಮೀನಿನ ಪಶ್ಚಿಮಕ್ಕೆ ತೊಟ್ಟಿಯ ಹಾಸಿಗೆ’ ಎಂದಿತ್ತು. ಮೂಲದಲ್ಲಿದ್ದದ್ದು ‘ಟ್ಯಾಂಕ್ ಬೆಡ್’, ಅಂದರೆ ಕೆರೆಯಂಗಳ. ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ಟ್ಯಾಂಕ್ ಎಂದರೆ ಕೆರೆ. ಆ ಪದವೇ ನಮ್ಮ ದೇಶದ ಪಶ್ಚಿಮ ತೀರದ ಭಾಷೆಗಳಿಂದ, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋದದ್ದು ಎಂದು ಹೇಳುವವರಿದ್ದಾರೆ. ಎಚ್.ಎನ್. ವ್ಯಾಲಿ ಯೋಜನೆಯ ನೀರು ನಮ್ಮ ಕೆರೆಗಳಿಗೆ ಬರತೊಡಗಿದ ಮೇಲೆ ಕೆರೆಯ ಎಲ್ಲೆ ಯಾವುದೆಂದು ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಇಲ್ಲಿ ಈ ಪದ ತಪ್ಪಬಾರದು.

ಇಂಥ ಪದಗಳಿಗೆ ಯೂಲ್ ಮತ್ತು ಬರ್ನೆಲ್ 1886ರಲ್ಲಿ ತಂದ ‘ಹಾಬ್ಸನ್-ಜಾಬ್ಸನ್’ ನೋಡಬೇಕು. ತೋಪಿಗೆ ‘ಟೋಪ್’, ಛತ್ರಕ್ಕೆ ‘ಚೌಲ್ಟ್ರಿ’, ಕಚೇರಿಗೆ ‘ಕಟ್‌ಚೆರಿ’ ಎಲ್ಲ ಅದರಲ್ಲಿವೆ. ಇಂಗ್ಲೆಂಡಿನ ಹಳೆಯ ಅರ್ಥ ಯಾವ ಕಾಲದ್ದು ಎಂದು ತಿಳಿಯಲು 1884ರಿಂದ 1928ರವರೆಗೆ ಸಂಪುಟ ಸಂಪುಟವಾಗಿ ಬಂದ ಆಕ್ಸ್‌ಫರ್ಡ್ ನಿಘಂಟು. ಕೋರ್ಟಿನ ಪದಕ್ಕೆ ಪಿ. ರಾಮನಾಥ ಅಯ್ಯರ್ ಅವರ ಲಾ ಲೆಕ್ಸಿಕನ್. ಕನ್ನಡದ ಹಳೆಯ ಪದಕ್ಕೆ 1894ರ ಕಿಟೆಲ್. ಎಲ್ಲದರ ಜೊತೆಗೆ ಪ್ರೊ. ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದ ಅವರು ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಒಂದೊಂದು ಪದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಪದ ಕೇಳಿ ಬಂದವರನ್ನು ಹೇಗೆ ಕಾಣಬೇಕೆಂದು ನಾನು ಕಲಿತದ್ದು ಅವರಿಂದ.

ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಏನನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂದು ಜೀವಮಾನವಿಡೀ ಹೇಳುತ್ತಿದ್ದರು. ನಿಘಂಟಿನ ಅರ್ಥಕ್ಕೂ ಅದು ಸಲ್ಲುತ್ತದೆ. ಈ ಪತ್ರ, ಈ ವರ್ಷ, ಈ ಊರು: ಮೂರಕ್ಕೂ ಹೊಂದುವ ಅರ್ಥವೇ ಅರ್ಥ.

10. ಜಮೀನಿನವರ ಬಾಯಿಂದ ಅರ್ಥ ಹೇಳಿಸಿ

1908ರ ನೋಂದಣಿ ಕಾಯ್ದೆಯ 19ನೇ ಕಲಮಿನಲ್ಲಿ ಒಂದು ಮಾತಿದೆ. ನೋಂದಣಿ ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರ ಬಂದರೆ ಜೊತೆಗೆ ಸರಿಯಾದ ತರ್ಜುಮೆ ಇರಬೇಕು. ಅಧಿಕಾರಿಗೆ ತಿಳಿಯಲಿ ಎಂದು ಕಾಯ್ದೆ ಕಾಳಜಿ ಮಾಡಿತು. ಜಮೀನಿನವರಿಗೆ ತಿಳಿಯಲಿ ಎಂಬ ಕಾಳಜಿ ನಮ್ಮದು.

ಈಗ ಆ ಶಿಡ್ಲಘಟ್ಟದ ಮನೆಯವರ ಕತೆಗೆ ಬರುತ್ತೇನೆ. ಅದು ಗುತ್ತಿಗೆ ಪತ್ರ ಎಂದಾಗ ಅಣ್ಣನ ಮುಖ ಬಾಡಿತು. ಸಾಹುಕಾರರ ಮೊಮ್ಮಕ್ಕಳು ಜಮೀನು ಕೇಳಿಕೊಂಡು ಬಂದಿದ್ದರು, ಪಹಣಿಯಲ್ಲಿ ಇನ್ನೂ ಹಳೆಯ ಹೆಸರೇ ಇತ್ತು. ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ತಾಯಿ ನನ್ನ ಕಡೆ ತಿರುಗಿ, ‘ಅಂಟೇ ಏಮಪ್ಪಾ?’ ಎಂದು ಕೇಳಿದರು. ಅಂದರೆ ಏನಪ್ಪಾ? ನಮ್ಮ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ನಾನು ಇಂಗ್ಲಿಷನ್ನು ಕನ್ನಡಕ್ಕೆ ತಂದು ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆ ಜಮೀನಿನಲ್ಲಿ ಐವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಕೊಯ್ದ ಜೀವಕ್ಕೆ ಮಾತ್ರ ಇನ್ನೂ ವಿಷಯ ತಲುಪಿರಲಿಲ್ಲ.

ತೆಲುಗಿನಲ್ಲಿ ನಿಧಾನವಾಗಿ ಹೇಳಿದೆ: ಸಾಹುಕಾರರು ನಿಮ್ಮ ಮಾವನವರಿಗೆ ಗುತ್ತಿಗೆಗೆ ಕೊಟ್ಟಿದ್ದರು ಅಂತ ಬರೆದಿದೆ. ಅವಧಿ ಮುಗಿದ ಮೇಲೂ ಗುತ್ತಿಗೆ ಕೊಟ್ಟುಕೊಂಡು ಉಳುತ್ತಿದ್ದಿರಾ? ಅವರು ಹೌದೆಂದರು. ‘ಆಮೇಲೆ ಇಂದಿರಮ್ಮನ ಕಾಲದಲ್ಲಿ ಡಿಕ್ಲರೇಷನ್ ಹಾಕಿದ್ದರಲ್ಲ’ ಎಂದು ತಾವೇ ಮುಂದುವರಿಸಿದರು. ನನ್ನ ಕೈ ನಿಂತುಹೋಯಿತು. 1974ರ ಮಾರ್ಚ್ 1ಕ್ಕೆ ಗೇಣಿದಾರರು ಉಳುತ್ತಿದ್ದ ಜಮೀನು ಸರ್ಕಾರಕ್ಕೆ ಸೇರಿ, ಉಳುವವರು ಭೂನ್ಯಾಯ ಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಅಧಿಭೋಗದ ಹಕ್ಕು ಸಿಗುತ್ತಿತ್ತು. ಆ ಅರ್ಜಿಗೆ ಊರಲ್ಲಿ ಡಿಕ್ಲರೇಷನ್ ಎಂದೇ ಹೆಸರು. 1979ರ ಜೂನ್ 30 ಅದರ ಕೊನೆಯ ದಿನವಾಗಿತ್ತು.

ಮರುದಿನ ಆ ತಾಯಿ ತಮ್ಮ ತಗಡಿನ ಟ್ರಂಕಿನಲ್ಲಿ ಸೀರೆಯ ಅಡಿ ಇಟ್ಟಿದ್ದ ಒಂದು ಕಾಗದ ತಂದರು. ನಾಲ್ಕು ಮಡಿಕೆ, ಮಡಿಕೆಯ ಗೆರೆಗಳು ಹರಿಯುವಂತಿದ್ದವು. ಅದು ನಮೂನೆ 10, ಅಧಿಭೋಗದ ಹಕ್ಕಿನ ಪ್ರಮಾಣಪತ್ರ. ಅಚ್ಚ ಕನ್ನಡದಲ್ಲಿ, ಅವರ ಮಾವನ ಹೆಸರಿಗೆ. ಖಾತೆ ಮಾಡಿಸುವುದೊಂದು ಉಳಿದುಹೋಗಿತ್ತು. ಅರ್ಥವಾಗದ ಇಂಗ್ಲಿಷ್ ಪತ್ರಕ್ಕೆ ಮನೆಯವರು ಕುಂಕುಮವಿಟ್ಟಿದ್ದರು. ಹಕ್ಕು ಕೊಟ್ಟ ಕನ್ನಡದ ಕಾಗದ ಸೀರೆಯ ಅಡಿಯಲ್ಲಿತ್ತು.

ಖಾತೆ ಬದಲಾವಣೆಯ ಅರ್ಜಿಗೆ ಕೂತೆವು. ಬರೆಯುವ ಮೊದಲು ಮೊಮ್ಮಗಳಿಗೆ ಹೇಳಿದೆ: ‘ಎರಡೂ ಪತ್ರ ಅಜ್ಜಿಗೆ ನೀನೇ ಓದಿ ಹೇಳಮ್ಮ. ಅಜ್ಜಿ ತಿರುಗಿ ನನಗೆ ಹೇಳಲಿ.’ ಹುಡುಗಿ ಓದಿದಳು. ಡಿಮೈಸ್ ಬಂದಲ್ಲಿ ನಿಂತು, ‘ಗುತ್ತಕಿ ಇಚ್ಚಿನಾರು’ ಎಂದಳು. ಅಜ್ಜಿ ಬೆರಳು ಮಡಚಿ ನನಗೆ ಒಪ್ಪಿಸಿದರು: ಅವರು ಗುತ್ತಿಗೆಗೆ ಕೊಟ್ಟರು, ನಾವು ಉಳುತ್ತಾ ಬಂದೆವು, ಸರ್ಕಾರ ನಮಗೆ ಬರೆದುಕೊಟ್ಟಿತು.

ಮೂರೂ ಸರಿಯಾಗಿತ್ತು. ಪೆನ್ನು ತೆಗೆದುಕೊಂಡು ಅರ್ಜಿ ಶುರು ಮಾಡಿದೆ.